ಹತ್ತಿರದ ರೈಲ್ವೆ ನಿಲ್ದಾಣ

ಮೊನ್ನೆ ಕಾಶಿಯಾತ್ರೆಗೆ ಕರೆದುಕೊಂಡು ಹೋಗುವವರು ಒಂದು ಅರ್ಜಿ ಕೊಟ್ಟುಹೋದರು. ಹೆಸರೇನು, ವಯಸ್ಸೆಷ್ಟು, ಸಕ್ಕರೆ ಕಾಯಿಲೆ ಇದೆಯೇ, ಮೆಟ್ಟಿಲು ಹತ್ತಬಲ್ಲಿರಾ, ಎಲ್ಲದಕ್ಕೂ ಸರಾಗವಾಗಿ ಬರೆದೆ. ವಯಸ್ಸಿನಲ್ಲಿ ಎರಡೇ ಎರಡು ವರ್ಷ ಇಳಿಸಿದೆ. ಹುಟ್ಟಿದ ಊರು ಮಧುಗಿರಿ ಎಂದೂ ಬರೆದೆ. ಅದರ ಕೆಳಗೇ ಇತ್ತು ನೋಡಿ, 'ಹತ್ತಿರದ ರೈಲ್ವೆ ನಿಲ್ದಾಣ' ಎಂಬ ಖಾನೆ. ಮೈ ಉರಿದುಹೋಯಿತು. ಪೆನ್ನು ಕೆಳಗಿಟ್ಟು ಒಂದು ಲೋಟ ನೀರು ಕುಡಿದೆ. ಈ ಖಾನೆಯನ್ನು ಮೊಟ್ಟಮೊದಲು ಅಚ್ಚು ಹಾಕಿಸಿದ ಮಹಾನುಭಾವ ಯಾರೋ ಗೊತ್ತಿಲ್ಲ. ಆತ ನಮ್ಮ ಕಡೆಯವನಂತೂ ಅಲ್ಲ.

ನಮ್ಮ ಕಡೆ ಎಂದರೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ. ನಾನು ಹೇಳುತ್ತಿರುವುದು ಎಪ್ಪತ್ತು, ಎಂಬತ್ತರ ದಶಕದ ಮಾತು. ಆಗ ಈ ನಾಲ್ಕು ತಾಲ್ಲೂಕಿಗೂ ಸೇರಿ ಒಂದು ಗಜ ಹಳಿ ಇರಲಿಲ್ಲ. ಬೆಟ್ಟ ಇತ್ತು, ಬೆಟ್ಟದ ಮೇಲೆ ಕೋಟೆ ಇತ್ತು, ನೀರಿದ್ದಾಗ ಕೆರೆ ಇತ್ತು, ಹುಣಸೆಮರ ಬೇಕಾದಷ್ಟಿತ್ತು. ರೈಲು ಮಾತ್ರ ಬೇರೆಯವರ ಊರಲ್ಲಿ ಓಡುತ್ತಿತ್ತು. ತುಮಕೂರಿನ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಪಾವಗಡದ ಹುಡುಗಿಯನ್ನು ಕೇಳಿದರೆ, "ಮಾ ರೈಲು ಹಿಂದೂಪುರಂಲೋ ಉಂದಿ" ಅನ್ನುತ್ತಿದ್ದಳು. ತಮ್ಮ ರೈಲನ್ನು ಆಂಧ್ರದವರ ಮನೆಯಲ್ಲಿ ಬಿಟ್ಟು ಬಂದಿದ್ದೇವೆ, ಹಬ್ಬ ಕಳೆದ ಮೇಲೆ ಕರೆದುಕೊಂಡು ಬರುತ್ತೇವೆ ಎಂಬ ಧಾಟಿ. ಸಿರಾದವರು, ಕೊರಟಗೆರೆಯವರು ತುಮಕೂರನ್ನು ತೋರಿಸುತ್ತಿದ್ದರು. ಮಧುಗಿರಿಯವರಾದ ನಮಗೆ ಮೂರು ದಿಕ್ಕಿಗೆ ಮೂರು ನಿಲ್ದಾಣ, ತುಮಕೂರು, ಗೌರಿಬಿದನೂರು, ಹಿಂದೂಪುರ. ಮೂರೂ ಹೆಚ್ಚುಕಡಿಮೆ ಒಂದೇ ದೂರ. ಹಾಗಾಗಿ ಯಾವ ಇಬ್ಬರೂ ಒಂದೇ ಉತ್ತರ ಕೊಡುತ್ತಿರಲಿಲ್ಲ.

ಎಂಟನೇ ತರಗತಿಯ ಪರೀಕ್ಷೆಯಲ್ಲಿ ನಮಗೆ 'ನಾನು ಮಾಡಿದ ರೈಲು ಪ್ರಯಾಣ' ಎಂಬ ಪ್ರಬಂಧ ಕೊಟ್ಟಿದ್ದರು. ಅರ್ಧ ತರಗತಿ ರೈಲನ್ನು ಕಂಡಿರಲಿಲ್ಲ. ನಾನು ಬಿಡಲಿಲ್ಲ. ರೈಲಿನ ಕಂಡಕ್ಟರು "ಹಿಂದಕ್ಕೆ ನಡೀರಿ, ಹಿಂದಕ್ಕೆ ನಡೀರಿ" ಎಂದು ಕೂಗಿದ್ದನ್ನೂ, ಹೊಲದಲ್ಲಿ ಒಬ್ಬ ಅಜ್ಜಿ ಕೈ ಅಡ್ಡ ಹಿಡಿದಾಗ ರೈಲು ನಿಂತು ಅವಳನ್ನು ಹತ್ತಿಸಿಕೊಂಡದ್ದನ್ನೂ ಎರಡು ಪುಟ ಬರೆದೆ. ಒಳ್ಳೆಯ ಅಂಕ ಬಂತು. ತಿದ್ದಿದ ಮೇಷ್ಟ್ರು ಕೂಡ ನಮ್ಮೂರಿನವರೇ.

ಇರಲಿ, ನನ್ನ ಸಿಟ್ಟಿಗೆ ಕಾರಣ ಆ ಪ್ರಬಂಧ ಅಲ್ಲ. ಈ ಹಾಳು ಖಾನೆಯಿಂದ ನನ್ನ ಮದುವೆಯೇ ಮುರಿದುಬೀಳುತ್ತಿತ್ತು. ಅದನ್ನು ಹೇಳುತ್ತೇನೆ ಕೇಳಿ.

ನಮ್ಮಪ್ಪ ಮಧುಗಿರಿಯಲ್ಲಿ ಸರ್ವೆಯರ್ ಆಗಿದ್ದರು. ಹೊಲ, ಬದು, ಕಾಲುದಾರಿ, ಕೆರೆಯಂಗಳ ಎಲ್ಲವನ್ನೂ ಚೈನು ಎಳೆದು ಅಳೆದವರು. ಆ ಚೈನಿನ ಲೆಕ್ಕ ಅವರ ತಲೆಯೊಳಗೆ ಎಷ್ಟು ಇಳಿದಿತ್ತೆಂದರೆ, ಅಂಗಡಿ ಎಲ್ಲಿ ಎಂದು ಯಾರಾದರೂ ಕೇಳಿದರೆ "ಉತ್ತರಕ್ಕೆ ನಾಲ್ಕು ಚೈನು" ಅನ್ನುತ್ತಿದ್ದರು. ಕೇಳಿದವರು ಉತ್ತರ ಯಾವ ಕಡೆ ಎಂದು ಕೇಳಲು ನಾಚಿಕೊಂಡು ಸುಮ್ಮನೆ ಹೊರಟುಹೋಗುತ್ತಿದ್ದರು.

ನನಗಾಗ ಇಪ್ಪತ್ನಾಲ್ಕು. ಆ ಕಾಲಕ್ಕೆ ಅದು ಅಮ್ಮನ ಊಟ ನಿದ್ದೆ ಕೆಡಿಸುವ ವಯಸ್ಸು. ಅದಕ್ಕೆ ಮೊದಲು ಬಂದಿದ್ದ ಎರಡು ಸಂಬಂಧಗಳು "ಆ ಊರಿಗೆ ಹೋಗಿ ಬರೋದೇ ಒಂದು ಕೆಲಸ" ಎಂದು ಹೇಳಿ ಕಳಚಿಕೊಂಡಿದ್ದವು. ಮೂರನೆಯದು ಅರಸೀಕೆರೆಯಿಂದ ಬಂತು. ಹುಡುಗ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹುಡುಗನ ಅಪ್ಪ ರೈಲಿನಲ್ಲಿ ಗಾರ್ಡ್ ಆಗಿದ್ದು ಆಗಷ್ಟೇ ನಿವೃತ್ತರಾದವರು. ಅವರಿಂದ ಕಾರ್ಡು ಬಂತು. 'ಮುಂದಿನ ಭಾನುವಾರ ಹುಡುಗಿಯನ್ನು ನೋಡಲು ಬರುತ್ತೇವೆ. ನಿಮ್ಮ ಊರಿಗೆ ಹತ್ತಿರದ ರೈಲ್ವೆ ನಿಲ್ದಾಣ ಯಾವುದು ತಿಳಿಸಿ. ಯಾರಾದರೂ ಅಲ್ಲಿಗೆ ಬಂದರೆ ಅನುಕೂಲ.'

ಅಪ್ಪ ಅವತ್ತೇ ಉತ್ತರ ಬರೆದು ಅಂಚೆಗೆ ಹಾಕಿ ಬಂದರು. ಏನು ಬರೆದರು ಎಂದು ನಾವು ಕೇಳಲಿಲ್ಲ. ಅದು ನಮ್ಮ ತಪ್ಪು. ಶನಿವಾರ ಸಂಜೆ ಅಮ್ಮ ರವೆ ಹುರಿಯುತ್ತ, "ತುಮಕೂರಿಗೆ ಎಷ್ಟೊತ್ತಿಗೆ ಹೊರಡ್ತೀರಿ?" ಎಂದು ಕೇಳಿದಾಗ ವಿಷಯ ಹೊರಗೆ ಬಿತ್ತು.

"ತುಮಕೂರಿಗೆ ಯಾಕೆ? ಗೌರಿಬಿದನೂರಿಗೆ ಬನ್ನಿ ಅಂತ ಬರ್ದಿದೀನಿ," ಎಂದರು ಅಪ್ಪ.

ಅಮ್ಮನ ಕೈಯಲ್ಲಿದ್ದ ಸೌಟು ನಿಂತಿತು. "ಅರಸೀಕೆರೆಯೋರು ಗೌರಿಬಿದನೂರಿಗಾ? ಬೆಂಗಳೂರು ಸುತ್ಕಂಡು ಬರ್ಬೇಕಲ್ರೀ! ಬರೋ ದಾರೀಲೇ ತುಮಕೂರು ಸಿಗ್ತದೆ. ಅಲ್ಲಿಳಿದು ಬಸ್ ಹತ್ತಿದ್ರೆ ಕೊರಟಗೆರೆ ಮೇಲೆ ಒಂದೂವರೆ ಗಂಟೆಗೆ ಮನೇಲಿರ್ತಾರೆ."

"ಅನುಕೂಲದ್ದು ಯಾವ್ದು ಅಂತ ಅವ್ರು ಕೇಳಿಲ್ಲ ಕಣೆ. ಹತ್ರದ್ದು ಯಾವ್ದು ಅಂತ ಕೇಳವ್ರೆ. ನಕ್ಷೆ ಮೇಲೆ ಸ್ಕೇಲು ಇಟ್ಟು ನೋಡಿದೀನಿ. ಗೌರಿಬಿದನೂರೇ ಹತ್ರ."

"ಎಷ್ಟು ಹತ್ರ?"

"ಒಂದು ನೂಲು."

ಅಮ್ಮ ಹಣೆ ಚಚ್ಚಿಕೊಂಡರು. ತಂತಿ ಕೊಡೋಣವೆಂದರೆ ಅಂಚೆಕಚೇರಿ ಬಾಗಿಲು ಹಾಕಿತ್ತು. ಕೊನೆಗೆ ಅಮ್ಮನೇ ಸಮಾಧಾನ ಹುಡುಕಿಕೊಂಡರು. "ಅವರು ರೈಲ್ವೆಯೋರು. ಇಷ್ಟು ಗೊತ್ತಾಗಲ್ವಾ? ನೀವೇನೇ ಬರೀರಿ, ಬುದ್ಧಿ ಇರೋರು ತುಮಕೂರಲ್ಲೇ ಇಳೀತಾರೆ. ನೀವು ತುಮಕೂರಿಗೇ ಹೋಗಿ." ಅಪ್ಪನಿಗೂ ಅದು ಸರಿ ಎನ್ನಿಸಿತು. ನನಗೂ ಸರಿ ಎನ್ನಿಸಿತು. ಬುದ್ಧಿಯನ್ನು ನಂಬಿ ನಾವು ಮೂವರೂ ನಿಶ್ಚಿಂತೆಯಾಗಿ ಮಲಗಿದೆವು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅಪ್ಪ ಹೊರಟರು. ಕೈಯಲ್ಲಿ ಕೊಡೆ, ಹೂವಿನ ಹಾರ ಸುತ್ತಿದ ಬಾಳೆಲೆ. ಎಂಟು ಗಂಟೆಗೆ ನನಗೆ ಚಿಕ್ಕಮ್ಮನ ಕನಕಾಂಬರ ಬಣ್ಣದ ರೇಷ್ಮೆ ಸೀರೆ ಉಡಿಸಿದರು. ಮುಖಕ್ಕೆ ಪೌಡರು ಬಿತ್ತು, ಜಡೆಗೆ ಎರಡು ಮೊಳ ಮಲ್ಲಿಗೆ ಬಿತ್ತು. "ಅಲ್ಲಾಡಬೇಡ, ನೆರಿಗೆ ಹಾಳಾಗ್ತದೆ" ಎಂದು ಹೇಳಿ ಮಂಚದ ತುದಿಯಲ್ಲಿ ಕೂರಿಸಿದರು. ಹನ್ನೊಂದಾಯಿತು. ಹನ್ನೆರಡಾಯಿತು. ಬಸ್ಸಿನ ಸದ್ದು ಕೇಳಿದಾಗಲೆಲ್ಲ ಅಮ್ಮ ಬಾಗಿಲಿಗೆ ಓಡುತ್ತಿದ್ದರು, ನಾನು ತಲೆ ತಗ್ಗಿಸಿ ನಾಚಿಕೆಯ ಭಂಗಿಗೆ ಬರುತ್ತಿದ್ದೆ. ಏಳೆಂಟು ಸಲ ಹೀಗೆ ಯಾರಿಗೂ ಇಲ್ಲದೆ ನಾಚಿಕೊಂಡೆ. ಒಂದು ಗಂಟೆಗೆ ಹಸಿವು ತಡೆಯಲಾರದೆ, ಅಮ್ಮ ಹಿತ್ತಲಿಗೆ ಹೋದಾಗ, ಬೀಗರಿಗೆಂದು ಮಾಡಿದ್ದ ಕೇಸರಿಬಾತಿನಲ್ಲಿ ಕಾಲು ಪಾಲು ಮುಗಿಸಿದೆ.

ಮೂರು ಗಂಟೆಗೆ ಅಪ್ಪ ಬಂದರು. ಒಬ್ಬರೇ. ಹಾರ ಬಾಡಿ ಸೊಪ್ಪಾಗಿತ್ತು.

"ಮೂರು ರೈಲು ನೋಡಿದೆ. ಇಳಿದೋರನ್ನೆಲ್ಲಾ ಹಿಡಿದು ಹಿಡಿದು ಕೇಳಿದೆ. ಬಂದಿಲ್ಲ," ಎಂದು ಜಗಲಿಯ ಮೇಲೆ ಕುಸಿದರು.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಅದನ್ನು ಕಂಡು ಜಡೆಯ ಮಲ್ಲಿಗೆ ಕಿತ್ತೆಸೆದೆ. ರೇಷ್ಮೆ ಸೀರೆ ಬಿಚ್ಚಿ ಮಡಿಸದೆ ಮಂಚದ ಮೇಲೆ ಒಗೆದೆ. ಮನೆಯಲ್ಲಿ ಉಡುವ ಹತ್ತಿ ಸೀರೆ ಉಟ್ಟು, ಸೆರಗು ಸಿಕ್ಕಿಸಿ, ಬೆಳಗಿನಿಂದ ಬಿದ್ದಿದ್ದ ಪಾತ್ರೆಗಳನ್ನೆಲ್ಲ ಹಿತ್ತಲಿಗೆ ಎಳೆದು ತೊಳೆಯಲು ಕೂತೆ. ಅವುಗಳಲ್ಲಿ ಎಷ್ಟಕ್ಕೆ ನೆಗ್ಗು ಬಿತ್ತೋ ಹೇಳಲಾರೆ.

ಅತ್ತ ಏನಾಯಿತು ಎಂಬುದು ನನಗೆ ಆಮೇಲೆ ಗೊತ್ತಾದದ್ದು. ಅರಸೀಕೆರೆಯವರು ಮೂವರು, ಅಪ್ಪ, ಅಮ್ಮ, ಮಗ, ಬೆಳಗಿನ ಗಾಡಿಗೆ ಹೊರಟಿದ್ದರು. ರೈಲು ತುಮಕೂರಿನಲ್ಲಿ ನಿಂತಾಗ ಹುಡುಗನ ತಾಯಿ ಬ್ಯಾಗು ಹಿಡಿದು ಎದ್ದಿದ್ದಾರೆ. "ಮಧುಗಿರಿ ಬಸ್ಸು ಇಲ್ಲಿಂದ್ಲೇ ಅಂತೆ, ಪಕ್ಕದಲ್ಲಿ ಕೂತಿರೋ ಹೆಂಗ್ಸು ಹೇಳ್ತು. ಇಳಿಯಣ." ಗಂಡ ಜೇಬಿನಿಂದ ನಮ್ಮಪ್ಪನ ಕಾಗದ ತೆಗೆದು ತೋರಿಸಿದ್ದಾರೆ. "ಗೌರಿಬಿದನೂರು ಅಂತ ಬರೆದಿದ್ದಾರೆ. ಬರೆದದ್ದು ಬರೆದ ಹಾಗೆ ನಡೀಬೇಕು. ಇಲ್ಲಾಂದ್ರೆ ಗಾಡಿಗೆ ಗಾಡಿ ಡಿಕ್ಕಿ ಹೊಡೆಯುತ್ತೆ. ಕೂತ್ಕೊ." ಆಕೆ ಕೂತಿದ್ದಾರೆ. ಬಾಯಾರಿತ್ತು, ಕಿಟಕಿಯಿಂದ ತಂಬಿಗೆ ಚಾಚಿ ಪ್ಲಾಟ್‌ಫಾರ್ಮಿನಲ್ಲಿ ಕೊಡೆ ಹಿಡಿದು ನಿಂತಿದ್ದ ಒಬ್ಬರನ್ನು ನೀರು ಕೇಳಿದ್ದಾರೆ. ಆ ಪುಣ್ಯಾತ್ಮ ನಲ್ಲಿಗೆ ಓಡಿ, ನೀರು ಹಿಡಿದು, ಹೊರಟ ರೈಲಿನ ಜೊತೆ ನಾಲ್ಕು ಹೆಜ್ಜೆ ಓಡಿ ತಂಬಿಗೆ ಕೊಟ್ಟಿದ್ದಾನೆ. ಆ ಪುಣ್ಯಾತ್ಮ ನಮ್ಮಪ್ಪ. ಇಳಿದವರನ್ನೆಲ್ಲ ಮಾತಾಡಿಸಿದರು, ಇಳಿಯದವರನ್ನು ಕೇಳಲಿಲ್ಲ.

ಅವರು ಬೆಂಗಳೂರಿಗೆ ಹೋಗಿ, ಗಾಡಿ ಬದಲಿಸಿ, ಮಧ್ಯಾಹ್ನದ ಬಿಸಿಲಿಗೆ ಗೌರಿಬಿದನೂರಿನಲ್ಲಿ ಇಳಿದರು. ಕರೆಯಲು ಯಾರೂ ಇಲ್ಲ. ಸರಿ, ಖಾಸಗಿ ಬಸ್ಸು ಹಿಡಿದರು. ನಮ್ಮೂರು ಇನ್ನೂ ಆರು ಮೈಲಿ ಇರುವಾಗ ಕಂಡಕ್ಟರು ಬಾಗಿಲು ಬಡಿದು ಕೂಗಿದ. "ಟೇಷನ್, ಟೇಷನ್! ಇಳಿಯೋರು ಬೇಗ ಇಳೀರಿ!"

ಮೂವತ್ತು ವರ್ಷ ಗಾರ್ಡ್ ಆಗಿದ್ದವರ ಕಿವಿಗೆ ಆ ಶಬ್ದ ಬಿದ್ದರೆ ಕೇಳಬೇಕೆ? "ನೋಡಿದ್ಯಾ, ಮಧುಗಿರಿಗೂ ಸ್ಟೇಷನ್ ಇದೆ! ನಿಮ್ಮಾವ ಆಗೋನಿಗೆ ಗೊತ್ತೇ ಇಲ್ಲ!" ಎಂದು ಮಗನಿಗೆ ಹೇಳುತ್ತ, ಹೆಂಡತಿಯನ್ನೂ ಬ್ಯಾಗನ್ನೂ ಇಳಿಸಿದರು. ಬಸ್ಸು ಹೋಯಿತು. ದೂಳು ಅಡಗಿತು. ನೋಡಿದರೆ ಸುತ್ತ ಕಡಲೇಕಾಯಿ ಹೊಲ. ಬದುವಿನಲ್ಲಿ ಒಂದು ಕಲ್ಲು, ಅದಕ್ಕೆ ಯಾರೋ ಅರಿಸಿನ ಕುಂಕುಮ ಹಚ್ಚಿದ್ದಾರೆ. ಬೇವಿನ ಮರದ ಕೆಳಗೆ ಕುರಿ ಬಿಟ್ಟುಕೊಂಡು ಜುಂಜಣ್ಣ ಎಂಬ ಮುದುಕ ಕೂತಿದ್ದಾನೆ.

"ಏನಪ್ಪಾ, ಇಲ್ಲಿ ಸ್ಟೇಷನ್ ಎಲ್ಲಿ?"

"ಇದೇ ಸೋಮಿ. ನೀವು ನಿಂತಿರೋದೇ ಟೇಸನ್ನು."

"ಹಳಿ ಎಲ್ಲಿ?"

"ಹಳಿ ಇನ್ನಾ ಹಾಕಿಲ್ಲ."

"ರೈಲು?"

"ಬತ್ತದಂತೆ. ನಮ್ಮಪ್ಪನ ಕಾಲ್ದಿಂದ ಬತ್ತಾ ಅದೆ. ಬಿಸ್ಲಾಗೆ ಯಾಕ್ ನಿಂತ್ಕಂಡ್ರಿ, ಬನ್ನಿ, ನೆಳ್ಳಿಗೆ ಕುಂತ್ಕಳಿ."

ಯಾವುದೋ ಕಾಲದಲ್ಲಿ ರೈಲಿನ ಅಳತೆಗೆ ಬಂದವರು ಅಲ್ಲಿ ಡೇರೆ ಹೊಡೆದು, ಒಂದು ಕಲ್ಲು ನೆಟ್ಟು ಹೋಗಿದ್ದರಂತೆ. ಡೇರೆ ಹೋಯಿತು, ಅಳೆದವರು ಹೋದರು, ಹೆಸರು ಉಳಿಯಿತು. ಸುತ್ತಲಿನ ನಾಲ್ಕು ಹಳ್ಳಿಯವರಿಗೆ ಅದು 'ಟೇಷನ್ ಹೊಲ'. ಕಂಡಕ್ಟರಿನ ತಪ್ಪೇನೂ ಇಲ್ಲ. ನಮ್ಮ ಕಡೆ ಗುರುತುಗಳೆಲ್ಲ ಹೀಗೆಯೇ. ಮರ ಕಡಿದು ಇಪ್ಪತ್ತು ವರ್ಷವಾದರೂ ಅದು ಆಲದಮರದ ಸ್ಟಾಪು. ಹೊಸಬರು ಹುಡುಕಿಕೊಂಡು ಸಾಯಬೇಕು.

ಮುಂದಿನ ಬಸ್ಸಿಗೆ ಎರಡು ಗಂಟೆ ಇತ್ತು. ಜುಂಜಣ್ಣ ಅವರಿಗೆ ಹಸಿ ಕಡಲೇಕಾಯಿ ಕಿತ್ತುಕೊಟ್ಟು, ಮಜ್ಜಿಗೆ ಕುಡಿಸಿ, ಮಧುಗಿರಿಯ ಕಡೆ ಹುಲ್ಲು ಹೇರಿಕೊಂಡು ಹೊರಟಿದ್ದ ಗಾಡಿಯೊಂದನ್ನು ನಿಲ್ಲಿಸಿದ. ಗಾರ್ಡ್ ಸಾಹೇಬರು ಹುಲ್ಲಿನ ಮೇಲೆ ಕೂತರು. ಊರು ತಲುಪಿದ ಮೇಲೆ ಅಪ್ಪನ ಕಾಗದ ಮತ್ತೆ ಹೊರಗೆ ಬಂತು. 'ಬೆಟ್ಟಕ್ಕೆ ಮುಖ ಮಾಡಿ ನಿಲ್ಲುವುದು. ದಂಡಿನ ಮಾರಮ್ಮನ ಗುಡಿಯಿಂದ ಪೂರ್ವಕ್ಕೆ ಎಂಟು ಚೈನು.' ಮಧುಗಿರಿಯನ್ನು ನೀವು ನೋಡಿದ್ದರೆ ಅವರ ಕಷ್ಟ ಅರ್ಥವಾಗುತ್ತದೆ. ಅಲ್ಲಿ ಎತ್ತ ತಿರುಗಿದರೂ ಮುಖಕ್ಕೆ ಬೆಟ್ಟವೇ ಬಡಿಯುತ್ತದೆ. ಅವರು ಮೂರು ಬೀದಿ ಸುತ್ತಿ ನಮ್ಮ ನೀಲಿ ಬಾಗಿಲು ತಟ್ಟಿದಾಗ ಐದೂವರೆ.

ಬಾಗಿಲು ತೆಗೆದದ್ದು ಅಪ್ಪ. ಹುಡುಗನ ತಾಯಿ ಒಂದು ಕ್ಷಣ ನೋಡಿ, "ಅಯ್ಯೋ! ಬೆಳಿಗ್ಗೆ ನೀರು ಕೊಟ್ಟೋರಲ್ವಾ ನೀವು!" ಎಂದುಬಿಟ್ಟರು.

ಆಮೇಲೆ ನಡೆದದ್ದನ್ನು ಹೆಣ್ಣು ನೋಡುವ ಶಾಸ್ತ್ರ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಕಾಲು ತೊಳೆಯಲು ನೀರು ಕೊಡುವ ಮೊದಲೇ ಶುರುವಾಯಿತು.

"ಗೌರಿಬಿದನೂರು ಅಂತ ಬರೆದು ತುಮಕೂರಲ್ಲಿ ನಿಂತಿದ್ದೀರಲ್ಲ ಸ್ವಾಮಿ, ಇದು ಯಾವ ಕ್ರಮ?"

"ನೀವು ತುಮಕೂರಲ್ಲಿ ಇಳೀತೀರಿ ಅಂದ್ಕಂಡೆ."

"ಇಳಿಯೋದಾದ್ರೆ ಹಾಗೇ ಬರೀಬೇಕಿತ್ತು!"

"ನೀವು ಹತ್ರದ್ದು ಕೇಳಿದ್ರಿ. ಹತ್ರದ್ದು ಗೌರಿಬಿದನೂರೇ. ಬೇಕಾದ್ರೆ ತೋರಿಸ್ತೀನಿ."

ಅಪ್ಪ ಒಳಗಿಂದ ನಕ್ಷೆ ತಂದು ಚಾಪೆಯ ಮೇಲೆ ಹರಡಿದರು. ಇಬ್ಬರೂ ಮಂಡಿಯೂರಿ ಸ್ಕೇಲು ಹಿಡಿದರು. ನಾನು ಹಿತ್ತಲ ಕಡೆಯಿಂದ ಒದ್ದೆ ಕೈಯಲ್ಲಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಮ್ಮ ಮತ್ತೆ ರೇಷ್ಮೆ ಸೀರೆ ಉಡು ಎಂದು ಸನ್ನೆ ಮಾಡುತ್ತಿದ್ದರು. ಬೆಳಗಿನಿಂದ ಮೂರು ರೈಲು ನಿಲ್ದಾಣ ನೋಡಿ, ಇಲ್ಲದ ನಾಲ್ಕನೆಯದನ್ನೂ ನೋಡಿ ಬಂದವರು, ಆರು ಅಡಿ ದೂರದಲ್ಲಿದ್ದ ನನ್ನನ್ನು ತಿರುಗಿ ನೋಡಲಿಲ್ಲ. ಒಬ್ಬರನ್ನು ಬಿಟ್ಟು. ಹುಡುಗ ಗೋಡೆಗೆ ಒರಗಿ ಕೂತಿದ್ದರು. ತಲೆಯ ಮೇಲೆ ಹುಲ್ಲುಕಡ್ಡಿ, ಕಾಲರಿನಲ್ಲಿ ಕೆಮ್ಮಣ್ಣು. ಇಬ್ಬರು ಅಪ್ಪಂದಿರು ಒಂದು ನೂಲಿಗೆ ಕಿತ್ತಾಡುವುದನ್ನು ನೋಡಿ, ನನ್ನ ಕಡೆ ನೋಡಿ, ನಗು ತಡೆಯಲಾರದೆ ನೆಲ ನೋಡಿದರು. ಆ ನಗು ನನಗೆ ಹಿಡಿಸಿತು. ಹಿಡಿಸಿದ್ದರಿಂದಲೇ ಮುಂದಿನ ಮಾತು ಚುಚ್ಚಿತು.

"ರೈಲೂ ಇಲ್ಲ, ದಾರಿ ಹೇಳೋಕೂ ಬರಲ್ಲ. ಇಂಥ ಊರಿನ ಹೆಣ್ಣು ನಮಗೆ ಬೇಡ. ಏಳ್ರೋ!" ಎಂದು ಗಾರ್ಡ್ ಸಾಹೇಬರು ಎದ್ದರು.

"ಅಳತೆ ತಿಳೀದಿರೋ ಮನೆಗೆ ನಾನೂ ಹೆಣ್ಣು ಕೊಡಲ್ಲ!" ಎಂದು ಅಪ್ಪನೂ ಎದ್ದರು.

ಹುಡುಗ ಎದ್ದರು. ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅದನ್ನು ನೋಡಿದೆ ನೋಡಿ, ನನಗೆ ತಡೆಯಲಾಗಲಿಲ್ಲ. ಸೆರಗು ಸಿಕ್ಕಿಸಿದ ಹಾಗೆಯೇ ಹಜಾರಕ್ಕೆ ಬಂದೆ.

"ತುಮಕೂರಲ್ಲಿ ಇಳಿದು ಬಸ್ ಹತ್ತಿದ್ರೆ ಹನ್ನೊಂದು ಗಂಟೆಗೆ ಇಲ್ಲಿರ್ತಿದ್ರಿ. ಅಷ್ಟೇ ವಿಷ್ಯ! ಒಬ್ರು ಹಂಗೆ ಬರ್ದ್ರು, ಇನ್ನೊಬ್ರು ಹಂಗೇ ನಡೆದ್ರು, ಒಬ್ರಾದ್ರೂ ಹೆಂಡ್ತೀನ ಒಂದ್ಮಾತು ಕೇಳೋಕೆ ಏನಾಗಿತ್ತು? ಬೆಳಿಗ್ಗೆ ಎಂಟ್ರಿಂದ ಕೂತಿದೀನಿ ನಾನು! ನೋಡಿ, ಇವಳೇ ಹುಡುಗಿ. ನೋಡ್ಬುಟ್ಟು ಹೋಗಿ!"

ಮುಗಿಯಿತು ನನ್ನ ಕಥೆ ಎಂದುಕೊಂಡೆ.

ಆಗ ಮೂಲೆಯಲ್ಲಿ ಬ್ಯಾಗು ತಬ್ಬಿಕೊಂಡು ಕೂತಿದ್ದ ಹುಡುಗನ ತಾಯಿ, "ಇದನ್ನೇ! ಇದನ್ನೇ ನಾನು ಬೆಳಿಗ್ಗೆಯಿಂದ ಬಡ್ಕೊಳ್ತಿದೀನಿ!" ಎಂದು ಜೋರಾಗಿ ಹೇಳಿದರು. ಬ್ಯಾಗು ಕೆಳಗಿಟ್ಟು ಎದ್ದು ಬಂದು, ನನ್ನ ಒದ್ದೆ ಕೈ ಹಿಡಿದುಕೊಂಡು ಗಂಡನ ಕಡೆ ತಿರುಗಿದರು. "ನೀವು ಹೋಗೋದಾದ್ರೆ ಹೋಗಿ. ನಾನು ಈ ಹುಡುಗೀನ ಮಾತಾಡ್ಸೋಕೆ ಬಂದಿದೀನಿ. ಮಾತಾಡ್ಸಿ ಬರ್ತೀನಿ."

ಗಾರ್ಡ್ ಸಾಹೇಬರು ನಿಂತೇ ಇದ್ದರು. ಹೆಂಡತಿ ಚಾಪೆಯ ಮೇಲೆ, ನಕ್ಷೆಯನ್ನು ಪಕ್ಕಕ್ಕೆ ಸರಿಸಿ, ಚಕ್ಕಳಮಕ್ಕಳ ಹಾಕಿ ಕೂತದ್ದನ್ನು ನೋಡಿದರು. ಆಮೇಲೆ ನಿಧಾನವಾಗಿ ತಾವೂ ಕೂತರು. ಅಮ್ಮ ಕೇಸರಿಬಾತು ತಂದರು. ಕಾಲು ಪಾಲು ಎಲ್ಲಿ ಹೋಯಿತು ಎಂದು ಆ ಗಡಿಬಿಡಿಯಲ್ಲಿ ಯಾರೂ ಕೇಳಲಿಲ್ಲ. ಎರಡು ತಿಂಗಳಿಗೆ ನನ್ನ ಮದುವೆಯಾಯಿತು.

ಮದುವೆಯಾದ ಹೊಸದರಲ್ಲಿ ಒಂದು ದಿನ ಅರಸೀಕೆರೆಯ ಅಡುಗೆಮನೆಯಲ್ಲಿ ಅವರೆಕಾಳು ಬಿಡಿಸುತ್ತ ಕೇಳಿದೆ. "ಅತ್ತೆ, ಆವತ್ತು ಅಷ್ಟು ಒರಟಾಗಿ ಮಾತಾಡಿದೆ. ಆದ್ರೂ ಹೆಂಗೆ ಒಪ್ಕೊಂಡ್ರಿ?"

ಅತ್ತೆ ಇನ್ನೊಂದು ಕಾಯಿ ಸುಲಿದರು. "ರೈಲ್ವೆ ಪಾಸಲ್ಲಿ ಎಷ್ಟೂರು ಸುತ್ತಿದೀನೋ ಲೆಕ್ಕ ಇಲ್ಲ ಕಣಮ್ಮ. ಒಂದ್ಸಲನಾದ್ರೂ ನಾನು ಹೇಳಿದ ಕಡೆ ಇಳಿದಿಲ್ಲ. ಅವರು ಏಳು ಅಂದ್ರೆ ಏಳೋದು, ಕೂರು ಅಂದ್ರೆ ಕೂರೋದು. ಆವತ್ತು ತುಮಕೂರಲ್ಲಿ ಬಾಗಿಲ ತನಕ ಹೋಗಿದ್ದೆ. ಒಂದು ಕಾಲು ಕೆಳಗಿಟ್ರೆ ಆಗಿತ್ತು. ಕೂತ್ಕೊ ಅಂದ್ರು, ಬಂದು ಕೂತೆ. ಬೆಂಗಳೂರು ಬರೋ ತನಕ ಅವರ ಮೇಲೆ ಸಿಟ್ಟು ಬರ್ಲಿಲ್ಲ, ನನ್ನ ಮೇಲೇ ಬಂತು." ಅಷ್ಟು ಹೇಳಿ ಎದ್ದು ಒಲೆಯ ಕಡೆ ಹೋದರು.

ಏಳೆಂಟು ವರ್ಷ ಕಳೆಯಿತು. ನನ್ನ ಚಿಕ್ಕಮ್ಮನ ಮಗಳ ಮಗುವಿನ ನಾಮಕರಣಕ್ಕೆಂದು ಮಾವ, ಅತ್ತೆ, ನಾನು ಮಧುಗಿರಿಗೆ ಹೊರಟಿದ್ದೆವು. ಮಾವನವರು ಈಗ ತುಮಕೂರಿನಲ್ಲಿ ಇಳಿಯಲು ಒಪ್ಪಿದ್ದರು, ಮಾತ್ರವಲ್ಲ, ಆ ದಾರಿಯನ್ನು ತಾವೇ ಕಂಡುಹಿಡಿದ ಹಾಗೆ ಎದುರಿಗೆ ಕೂತವರಿಗೆಲ್ಲ ವಿವರಿಸುತ್ತಿದ್ದರು. ನನಗೆ ತಲೆ ಚಿಟ್ಟು ಹಿಡಿದಿತ್ತು. ತುಮಕೂರಿಗೆ ಮುಂಚೆ ಒಂದು ಸಣ್ಣ ನಿಲ್ದಾಣದಲ್ಲಿ ಗಾಡಿ ನಿಂತಿತು. ಹೆಸರು ಬೇಡ, ಅಲ್ಲಿ ಇಳಿಯಲು ಏನಿದೆ ಎಂದು ನಾನು ಹೇಳಿದರೆ ಆ ಊರಿನವರು ಬೇಜಾರು ಮಾಡಿಕೊಂಡಾರು. ಎರಡು ಹೊಂಗೆಮರ, ಒಂದು ಸಿಮೆಂಟಿನ ಬೆಂಚು, ಬುಟ್ಟಿ ಇಟ್ಟುಕೊಂಡು ಸೀಬೆಹಣ್ಣು ಮಾರುವ ಒಬ್ಬಾಕೆ.

ಅತ್ತೆ ಬ್ಯಾಗು ಹಿಡಿದು ಎದ್ದರು. "ಬಾರಮ್ಮ" ಎಂದರು. ಅವರ ಬಾಯಿಂದ ಬಂದ ಮಾತಿಗೆ ನಾನು ಅಭ್ಯಾಸಬಲದಿಂದ ಎದ್ದು ಹಿಂದೆ ನಡೆದೆ. ಇಬ್ಬರೂ ಕೆಳಗಿಳಿದೆವು. ಗಾಡಿ ಸೀಟಿ ಹಾಕಿತು.

ಕಿಟಕಿಯಿಂದ ಮಾವನವರ ತಲೆ ಹೊರಗೆ ಬಂತು. "ಏ! ಏ! ಇದು ತುಮಕೂರಲ್ಲ ಕಣೇ! ಹತ್ತು, ಹತ್ತು!"

ಗಾಡಿ ಹೊರಟಿತು. ಮಾವನವರ ಕೈ ದೂರದವರೆಗೂ ಬೀಸುತ್ತಲೇ ಇತ್ತು. ನನಗೆ ಅಳು ಬರುವುದೊಂದು ಬಾಕಿ. ನಾಮಕರಣದ ಮುಹೂರ್ತ ಮಧ್ಯಾಹ್ನಕ್ಕೆ, ಮುಂದಿನ ಗಾಡಿ ಯಾವಾಗಲೋ, ತೊಟ್ಟಿಲಿಗೆ ಹಾಕಬೇಕಾದ ಬೆಳ್ಳಿ ಕಡಗ ಮಾವನವರ ಚೀಲದಲ್ಲಿ.

"ಅತ್ತೆ, ಇದು ನಮ್ಮ ಸ್ಟೇಷನ್ ಅಲ್ಲ!"

"ಗೊತ್ತು ಕಣಮ್ಮ," ಎಂದರು ಅತ್ತೆ. ಬೆಂಚಿನ ಮೇಲೆ ಬ್ಯಾಗು ಇಟ್ಟು, ಸೆರಗಿನಿಂದ ಕತ್ತು ಒರೆಸಿಕೊಂಡು, ಬುಟ್ಟಿಯ ಕಡೆ ಬಗ್ಗಿ ಒಂದೊಂದೇ ಹಣ್ಣು ಮುಟ್ಟಿ ನೋಡತೊಡಗಿದರು. "ನಿಂಗೆ ಖಾರ ಹಚ್ಚಿಸ್ಲಾ, ಬರೀ ಉಪ್ಪು ಸಾಕಾ?"